ಕೊಯ್ದ ಕರುಳನ್ನು ಎಸೆಯಬೇಡಿ: ವೈದ್ಯಕೀಯ ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಅಧಿವೇಶನಕ್ಕೆಂದು ತಾವು ಬೆಳಗಾವಿಯ ಸುವರ್ಣ ವಿಧಾನಸೌಧಕ್ಕೆ ಬರುತ್ತೀರಿ. ಅದಕ್ಕೇ ಜಮಖಂಡಿಯಿಂದ ಈ ಪತ್ರ.

ನಾಲ್ಕು ವರ್ಷದ ಹಿಂದೆ ನನ್ನ ತಮ್ಮನಿಗೆ ಜ್ವರ, ವಾಂತಿಭೇದಿ ಬಂತು. ವಾರದಲ್ಲಿ ಜ್ವರ ಇಳಿಯಿತು, ಹೊಟ್ಟೆ ಮಾತ್ರ ಮೊದಲಿನಂತಾಗಲಿಲ್ಲ. ಅರ್ಧ ರೊಟ್ಟಿ ತಿಂದರೂ ಉಬ್ಬಿ ನಗಾರಿಯಾಗುತ್ತದೆ. ಎಕ್ಸ್-ರೇಯಲ್ಲಿ ಕರುಳು ಕಟ್ಟಿದಂತೆ ಕಂಡಿತೆಂದು ಎರಡು ಸಲ ಹೊಟ್ಟೆ ಕೊಯ್ದರು. ಎರಡು ಸಲವೂ ಒಳಗೆ ಗಂಟಿರಲಿಲ್ಲ, ತೊಡಕಿರಲಿಲ್ಲ. ಎರಡನೆಯ ಸಲ ಹಿಗ್ಗಿದ್ದ ಒಂದು ಗೇಣು ಕರುಳನ್ನು ಕತ್ತರಿಸಿ ತೆಗೆದರು. ಅದನ್ನು ಪರೀಕ್ಷೆಗೆ ಕಳಿಸಿದಿರಾ ಎಂದು ಕೇಳಿದೆ. ವಿಲೇವಾರಿ ಮಾಡಿದೆವು ಎಂದರು.

ಈ ಕಾಯಿಲೆಯನ್ನು ಹುಸಿ ಕರುಳಡಚಣೆ ಎನ್ನುತ್ತಾರೆ. ದಾರಿ ತೆರೆದೇ ಇರುತ್ತದೆ, ಆಹಾರವನ್ನು ಮುಂದಕ್ಕೆ ತಳ್ಳುವ ನರಗಳೋ ಸ್ನಾಯುಗಳೋ ಸೋತಿರುತ್ತವೆ. ಕೆಲವರಲ್ಲಿ ಆ ಸೋಲಿನ ಹಿಂದೆ ವೈರಸ್ ಇರಬಹುದೆಂಬ ಅನುಮಾನ ಹಳೆಯದು. 2009ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಕಾರಣ ತಿಳಿಯದ ಇಂಥ 10 ರೋಗಿಗಳ ಪೈಕಿ 8 ಮಂದಿಯ ಕರುಳಿನ ನರಜಾಲದಲ್ಲಿ, ಬಹಳ ಜನರ ಮೈಯಲ್ಲಿ ಸದ್ದಿಲ್ಲದೆ ಅಡಗಿರುವ ಜೆಸಿ ಎಂಬ ವೈರಸ್‌ನ ಕುರುಹು ಸಿಕ್ಕಿತು. 2018ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ ಸೊಳ್ಳೆಯಿಂದ ಹರಡುವ ವೆಸ್ಟ್ ನೈಲ್, ಝೀಕಾ ವೈರಸ್‌ಗಳು ಕರುಳಿನ ನರಕೋಶಗಳಿಗೇ ನುಗ್ಗಿ ಚಲನೆಯನ್ನು ಕುಂಠಿತಗೊಳಿಸಿದವು. ಚಿಕನ್‌ಪಾಕ್ಸ್ ವೈರಸ್ ಕೂಡ ಕರುಳಿನ ನರಗಳಲ್ಲಿ ಅಡಗಿ ಕೂರಬಲ್ಲದು, ಅದಕ್ಕೆ ಔಷಧವೂ ಇದೆ. ನನ್ನ ತಮ್ಮನದೂ ವೈರಸ್ಸಿನಿಂದಲೇ ಬಂದದ್ದು ಎಂದು ನಾನು ವಾದಿಸುತ್ತಿಲ್ಲ. ಹುಡುಕದೆ ಅಲ್ಲಗಳೆಯುವುದು ಹೇಗೆ ಎಂಬುದಷ್ಟೇ ನನ್ನ ಪ್ರಶ್ನೆ.

ಹುಡುಕುವ ಅವಕಾಶವೂ ಪದೇ ಪದೇ ಸಿಗುವುದಿಲ್ಲ. ಕರುಳನ್ನು ನಡೆಸುವ ಮುಖ್ಯ ನರಜಾಲ ಎರಡು ಸ್ನಾಯು ಪದರಗಳ ನಡುವೆ ಇದೆ. ಎಂಡೋಸ್ಕೋಪಿಯಲ್ಲಿ ಚಿವುಟಿ ತೆಗೆಯುವ ತುಣುಕು ಒಳಪೊರೆಯದು, ಅಷ್ಟು ಆಳಕ್ಕೆ ಅದು ಮುಟ್ಟುವುದೇ ಇಲ್ಲ. ಹೊಟ್ಟೆ ತೆರೆದಾಗ ಕೈಗೆ ಬರುವ ಪೂರ್ಣ ದಪ್ಪದ ತುಂಡಿನಲ್ಲಿ ಮಾತ್ರ ಅದು ಸರಿಯಾಗಿ ಕಾಣುತ್ತದೆ. ಅದನ್ನೇ ಎಸೆದರೆ ಮುಂದಿನ ವೈದ್ಯರು ಏನನ್ನು ನೋಡಬೇಕು?

ಬಾಗಲಕೋಟೆ, ವಿಜಯಪುರ, ಬೆಳಗಾವಿ ಜಿಲ್ಲೆಗಳಲ್ಲಿ ಅಡಚಣೆಯೆಂದು ಹೊಟ್ಟೆ ತೆರೆದು ಏನೂ ಸಿಗದಿದ್ದಾಗ, ತೆಗೆದ ಕರುಳನ್ನು ನರಕೋಶಗಳ ಪರೀಕ್ಷೆಗೆ ಕಳಿಸುವುದನ್ನೂ ಒಂದು ಭಾಗವನ್ನು ವೈರಸ್ ಪರೀಕ್ಷೆಗೆ ಶೀತಲೀಕರಿಸಿ ಇಡುವುದನ್ನೂ ಕಡ್ಡಾಯ ಮಾಡಿ. ಮೂರೂ ಜಿಲ್ಲೆಗಳಿಗೆ ಬೆಳಗಾವಿಯ ಸರ್ಕಾರಿ ವೈದ್ಯಕೀಯ ಕಾಲೇಜಿನಲ್ಲಿ ಇದರ ವ್ಯವಸ್ಥೆಯಾಗಲಿ. ಕರುಳಿನ ಒತ್ತಡ ಅಳೆಯುವ ಮಾನೋಮೆಟ್ರಿ ಯಂತ್ರವೂ ಅಲ್ಲಿದ್ದರೆ ಎಷ್ಟೋ ಹೊಟ್ಟೆಗಳನ್ನು ಕೊಯ್ಯುವುದೇ ತಪ್ಪೀತು.

ತಮ್ಮನಿಗೆ ಮೂರನೆಯ ಶಸ್ತ್ರಚಿಕಿತ್ಸೆ ಬೇಕಾಗಬಹುದು ಎಂದು ವೈದ್ಯರು ಹೇಳಿದ್ದಾರೆ. ಅಷ್ಟರೊಳಗೆ ತಮ್ಮ ಆದೇಶ ಹೊರಡಲಿ.

ಇಂತಿ,
ಜಮಖಂಡಿಯ ಒಬ್ಬ ಅಕ್ಕ