ಪಿಕ್ಚರ್ ಸೊಟ್ಟಗಾಯಿತು ಅಂತ ಟರ್ಮಿನಲ್ ಗುಜರಿಗೆ ಹಾಕಬೇಡಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಹಳೇ ಕಂಪ್ಯೂಟರ್‌ಗಳ ಪ್ರದರ್ಶನ ಮಾಡೋಣ ಅಂತ ಸ್ಟೋರ್ ರೂಮಿನಲ್ಲಿದ್ದ ಟರ್ಮಿನಲ್‌ಗಳನ್ನು (ದೊಡ್ಡ ಕಂಪ್ಯೂಟರ್‌ಗೆ ಜೋಡಿಸುವ ಪರದೆ-ಕೀಬೋರ್ಡ್) ಹೊರಗೆ ತೆಗೆದು ಆನ್ ಮಾಡಿದರಂತೆ. ಒಂದರಲ್ಲಿ ಪಿಕ್ಚರ್ ತೂರಾಡುತ್ತಿತ್ತು. ಇನ್ನೊಂದರಲ್ಲಿ ಕೆಳಗಿನ ಸಾಲುಗಳು ಒಂದರ ಮೇಲೊಂದು ಬಿದ್ದಿದ್ದವು. ‘ಟ್ಯೂಬ್ ಹೋಗಿದೆ’ ಅಂದರು, ಎಲ್ಲವೂ ಗುಜರಿ ಸೇರಿತು. ಕೇಳಿ ಹೊಟ್ಟೆ ಉರಿಯಿತು. ಟ್ಯೂಬ್, ಅಂದರೆ ಹಳೇ ಟಿವಿಯಲ್ಲಿದ್ದಂಥ ಪಿಕ್ಚರ್ ಟ್ಯೂಬ್, ಹೋದರೆ ಸಾಮಾನ್ಯವಾಗಿ ಪಿಕ್ಚರ್ ಮಂಕಾಗುತ್ತದೆ, ಇಲ್ಲವೇ ಬರುವುದೇ ಇಲ್ಲ. ಬೆಳಕು ಚೆನ್ನಾಗಿದ್ದು ಅಕ್ಷರ ಮಾತ್ರ ಸೊಟ್ಟಗಿದೆ ಅಂದರೆ ತೊಂದರೆ ಬೇರೆಲ್ಲೋ ಇದೆ ಅಂತ ಅರ್ಥ, ಅಲ್ವಾ?

ಮೊದಲಿಗೆ, ಬಿಚ್ಚುವ ಮುಂಚೆ ಸುತ್ತಮುತ್ತ ಏನಿದೆ ನೋಡಿ. ನಮ್ಮ ಲ್ಯಾಬ್‌ಗಳಲ್ಲಿ ಮೇಜಿನ ಕೆಳಗೆ ಗುಂಯ್‌ಗುಟ್ಟುವ ಸಿವಿಟಿ ಇರುತ್ತಿತ್ತು, ಕೆಲವು ಕಡೆ ಈಗಲೂ ಇದೆ. ವೋಲ್ಟೇಜ್ ಸ್ಥಿರವಾಗಿಡುವ ಆ ಭಾರದ ಟ್ರಾನ್ಸ್‌ಫಾರ್ಮರ್‌ನಿಂದ ಸೋರುವ ಕಾಂತಕ್ಷೇತ್ರ ಪಿಕ್ಚರನ್ನು ಎಳೆದಾಡುತ್ತದೆ. ಅಮೆರಿಕದ ಕಂಪ್ಯೂಟರ್ ಕಂಪನಿ ಡೆಕ್ 1978ರಲ್ಲಿ ತಂದ ವಿಟಿ100 ಟರ್ಮಿನಲ್ಲನ್ನೇ ತಗೊಳ್ಳಿ. ಅದರ ಸೆಟಪ್‌ನಲ್ಲಿ ಪಿಕ್ಚರ್ ಸೆಕೆಂಡಿಗೆ ಎಷ್ಟು ಸಲ ಮೂಡಬೇಕು, 50 ಅಥವಾ 60 ಹರ್ಟ್ಸ್, ಅಂತ ಆರಿಸಿಕೊಳ್ಳಬಹುದು. ಅಮೆರಿಕದ ಲೆಕ್ಕದಂತೆ 60ಕ್ಕೇ ಬಿಟ್ಟಿದ್ದರೆ, ನಮ್ಮ ಕರೆಂಟ್ 50 ಹರ್ಟ್ಸ್ ಆದ್ದರಿಂದ, ಎರಡರ ನಡುವಿನ ವ್ಯತ್ಯಾಸ 10 ಇದೆಯಲ್ಲ, ಸೆಕೆಂಡಿಗೆ ಅಷ್ಟು ಸಲ ಪಿಕ್ಚರ್ ಅಲುಗುತ್ತದೆ. 50ಕ್ಕೆ ಬದಲಾಯಿಸಿ. ಅಲುಗಾಟ ನಿಂತು ಅಂಚು ಮಾತ್ರ ಸ್ವಲ್ಪ ಬಾಗಿದ್ದರೆ ಸಿವಿಟಿಯನ್ನು ಆಚೆ ಮೂಲೆಗೆ ತಳ್ಳಿ. ಎಷ್ಟೋ ಕೇಸ್‌ಗಳು ಇಷ್ಟಕ್ಕೇ ಮುಗಿಯುತ್ತವೆ, ಸ್ಕ್ರೂಡ್ರೈವರ್ ಮುಟ್ಟುವ ಅಗತ್ಯವೇ ಬರುವುದಿಲ್ಲ.

ಸರಿಹೋಗಲಿಲ್ಲ ಅಂದರೆ, ವಿಟಿ100 ಮಾಡಿದವರು ಒಂದು ಒಳ್ಳೇ ಸೌಲಭ್ಯ ಕೊಟ್ಟಿದ್ದಾರೆ. ಟರ್ಮಿನಲ್ಲನ್ನು ಲೋಕಲ್‌ಗೆ (ಕಂಪ್ಯೂಟರ್ ಸಂಪರ್ಕ ಬಿಟ್ಟು ತಾನೇ ಕೆಲಸ ಮಾಡುವ ಸ್ಥಿತಿಗೆ) ಹಾಕಿ ಎಸ್ಕೇಪ್, ಹ್ಯಾಷ್, 8 ಒತ್ತಿದರೆ 24 ಸಾಲು, 80 ಕಾಲಮ್ ತುಂಬ ಇಂಗ್ಲಿಷಿನ ‘ಇ’ ಅಕ್ಷರ ಬರುತ್ತದೆ. ಅಲೈನ್‌ಮೆಂಟ್‌ಗೆಂದೇ ಇಟ್ಟದ್ದು. ಯಾವ ಮೂಲೆಯ ‘ಇ’ ಉದ್ದವಾಗಿದೆ, ಎಲ್ಲಿ ಕುಗ್ಗಿದೆ ಅಂತ ಸ್ಕೇಲ್ ಹಿಡಿದೇ ನೋಡಬಹುದು. ಇಡೀ ಪಿಕ್ಚರ್ ಓರೆಯಾಗಿದ್ದರೆ ಯೋಕ್ (ಟ್ಯೂಬಿನ ಕುತ್ತಿಗೆಯ ಸುತ್ತ ಇರುವ ತಂತಿ ಸುರುಳಿ) ತಿರುಗಿದೆ, ಕ್ಲಾಂಪ್ ಸಡಿಲಿಸಿ ನೇರ ಮಾಡಿದರೆ ಆಯಿತು. ಒಂದು ಪಕ್ಕಕ್ಕೆ ಸರಿದಿದ್ದರೆ ಯೋಕ್ ಹಿಂದಿನ ರಿಂಗ್ ಮ್ಯಾಗ್ನೆಟ್ ತಿರುಗಿಸಬೇಕು. ಮೇಲೆ ಅಗಲ, ಕೆಳಗೆ ಕಿರಿದು ಅಂತ ಮೊರದ ಆಕಾರದಲ್ಲಿ ಬಂದರೆ ಯೋಕ್ ಸುರುಳಿಯಲ್ಲೇ ಶಾರ್ಟ್ ಆಗಿರಬಹುದು. ಅದೊಂದು ಕಷ್ಟ, ಬೇರೆ ಯೋಕ್ ಹುಡುಕಬೇಕು.

ಆದರೆ ಜಾಸ್ತಿ ಕಾಣುವುದು ಕಂಡೆನ್ಸರ್ (ಚಾರ್ಜ್ ಹಿಡಿದಿಡುವ ಬಿಡಿಭಾಗ, ಕೆಪಾಸಿಟರ್) ತೊಂದರೆ. ನಲವತ್ತು ವರ್ಷ ಹಳೇ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ ಒಳಗೆ ಒಣಗದೇ ಇರುತ್ತದೆಯೇ? ಪಿಕ್ಚರನ್ನು ಮೇಲಿಂದ ಕೆಳಕ್ಕೆ ಹರಡುವ ವರ್ಟಿಕಲ್ ಸೆಕ್ಷನ್‌ದು ಒಣಗಿದರೆ ಸಾಲುಗಳು ಒಂದು ಕಡೆ ಹಿಗ್ಗಿ ಇನ್ನೊಂದು ಕಡೆ ಮಡಚಿಕೊಳ್ಳುತ್ತವೆ. ಪವರ್ ಸಪ್ಲೈ ಫಿಲ್ಟರ್‌ದು ಒಣಗಿದರೆ ಅಂಚು ಹಾವಿನಂತೆ ಬಳುಕುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚಿಲ್ಲರೆ ದುಡ್ಡಿಗೆ ಸಿಗುವ ಸಾಮಾನು ಇದು. ಅದನ್ನು ಬಿಟ್ಟು ಸುಮ್ನೆ ಪ್ರೀಸೆಟ್ (ಪಿಕ್ಚರ್ ಹೊಂದಿಸುವ ಪುಟ್ಟ ತಿರುಪು) ತಿರುವುತ್ತಾ ಕೂತರೆ ಇವತ್ತು ಸರಿಯಾಗಿ ಕಂಡದ್ದು ನಾಳೆ ಮತ್ತೆ ಸೊಟ್ಟ. ಮೊದಲು ಕಂಡೆನ್ಸರ್ ಹಾಕಿ, ಡ್ರೈ ಸೋಲ್ಡರ್‌ಗಳಿಗೆ (ಸರಿಯಾಗಿ ಹಿಡಿಯದ ಬೆಸುಗೆಗಳಿಗೆ) ಕಾವು ಕೊಟ್ಟು, ಆಮೇಲೆ ಪ್ರೀಸೆಟ್‌ಗೆ ಕೈ ಹಾಕಿ. ಅದೂ ಪ್ಲಾಸ್ಟಿಕ್ ಟೂಲ್‌ನಿಂದ. ಪಿಕ್ಚರಿನ ಅಗಲ ಹೊಂದಿಸುವ ಹಾರಿಜಾಂಟಲ್ ವಿಡ್ತ್ ಕಾಯಿಲ್‌ನ ಫೆರೈಟ್ ಕೋರ್ ಕಬ್ಬಿಣದ ಸ್ಕ್ರೂಡ್ರೈವರ್‌ಗೆ ಪಟ್ಟಂತ ಸೀಳುತ್ತದೆ. ಎದುರಿಗೆ ಕನ್ನಡಿ ಇಟ್ಟುಕೊಂಡರೆ ಹಿಂದೆ ನಿಂತೇ ಪಿಕ್ಚರ್ ನೋಡಬಹುದು. ಅಡ್ಡಕ್ಕೆ ಒಂದೇ ಒಂದು ಗೆರೆ ಉಳಿದಿದ್ದರೆ ಕೂಡಲೇ ಬ್ರೈಟ್‌ನೆಸ್ ಇಳಿಸಿ, ಇಲ್ಲದಿದ್ದರೆ ಪರದೆಯ ಫಾಸ್ಫರ್ ಸುಟ್ಟು ಆ ಗೆರೆ ಶಾಶ್ವತ.

ವಿದ್ಯಾರ್ಥಿಗಳ ಕೈಗೆ ಕೊಡುವ ಮೇಷ್ಟ್ರುಗಳಿಗೆ ಒಂದು ಮಾತು. 12 ಇಂಚಿನ ಟ್ಯೂಬಿನ ಆನೋಡ್‌ನಲ್ಲಿ (ರಬ್ಬರ್ ಕ್ಯಾಪ್ ಮುಚ್ಚಿರುವ ಜಾಗ) 10 ಸಾವಿರ ವೋಲ್ಟ್‌ಗಿಂತ ಹೆಚ್ಚಿರುತ್ತದೆ. ಪ್ಲಗ್ ಕಿತ್ತ ಮೇಲೂ ಟ್ಯೂಬ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಇನ್ಸುಲೇಟೆಡ್ ಸ್ಕ್ರೂಡ್ರೈವರ್‌ನ ಲೋಹದ ಕಡ್ಡಿಗೆ ವೈರ್ ಕಟ್ಟಿ, ಅದರ ಇನ್ನೊಂದು ತುದಿಯನ್ನು ಟ್ಯೂಬ್ ಸುತ್ತಲಿನ ಅರ್ತಿಂಗ್ ಜಾಲರಿಗೆ ಸಿಕ್ಕಿಸಿ, ಸ್ಕ್ರೂಡ್ರೈವರ್ ತುದಿಯನ್ನು ರಬ್ಬರ್ ಕ್ಯಾಪ್ ಕೆಳಗೆ ತೂರಿಸಿ ಡಿಸ್ಚಾರ್ಜ್ ಮಾಡಬೇಕು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಮಾಡಬೇಕು, ಚಾರ್ಜ್ ಮರಳಿ ಏರುತ್ತದೆ. ಇದನ್ನು ಮಾಡಿ ಗೊತ್ತಿರುವವರು ಪಕ್ಕದಲ್ಲಿರಲಿ. ಹಳೇ ಟಿವಿ ಮೆಕ್ಯಾನಿಕ್‌ಗಳು ಇನ್ನೂ ಊರೂರಲ್ಲಿ ಇದ್ದಾರೆ, ಅವರನ್ನು ಕರೆಸಿ, ಸಂತೋಷದಿಂದ ಬರುತ್ತಾರೆ.

ಬೆಂಗಳೂರಿನ ಬಿಇಎಲ್‌ನಲ್ಲಿ ಒಂದು ಕಾಲಕ್ಕೆ ಕಪ್ಪು-ಬಿಳುಪು ಟಿವಿಯ ಪಿಕ್ಚರ್ ಟ್ಯೂಬ್ ತಯಾರಾಗುತ್ತಿತ್ತು. ಈಗ ಇಂಥ ಟ್ಯೂಬನ್ನು ಹೊಸದಾಗಿ ಕೊಳ್ಳುವ ಮಾತೇ ಇಲ್ಲ. ಗುಜರಿಯಲ್ಲಿ ಯೋಕ್‌ನ ತಾಮ್ರಕ್ಕಾಗಿ ಟ್ಯೂಬಿನ ಕುತ್ತಿಗೆ ಮುರಿಯುತ್ತಾರೆ, ಸೀಸ ಬೆರೆತ ಗಾಜು ಅಲ್ಲೇ ಮಣ್ಣಿಗೆ ಬೀಳುತ್ತದೆ. ಬಿಸಾಡಲೇಬೇಕು ಅಂದರೆ ಅಧಿಕೃತ ಇ-ತ್ಯಾಜ್ಯ ಕೇಂದ್ರಕ್ಕೆ ಕೊಡಿ. ಕೊಡುವ ಮುಂಚೆ ಯೋಕ್, ಎಲ್‌ಓಟಿ (ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಟ್ರಾನ್ಸ್‌ಫಾರ್ಮರ್), ಕೀಬೋರ್ಡ್ ಬಿಚ್ಚಿಟ್ಟುಕೊಳ್ಳಿ. ಪಕ್ಕದ ಕಾಲೇಜಿನ ಟರ್ಮಿನಲ್‌ಗೆ ಅದೇ ಬೇಕಾಗಿರುತ್ತದೆ.

– ನಿವೃತ್ತ ಸರ್ವೀಸ್ ಎಂಜಿನಿಯರ್, ಬೆಂಗಳೂರು