ಎರಡು ಸೆರೆ ಕಂಡವಳು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಕುದುರೆ ಲಾಳದ ಮಾತು ತಲೆಯಲ್ಲೇ ಕೂತುಬಿಟ್ಟಿದೆ. ಕಡು ಎಡ (ಸ್ಟಾಲಿನ್‌ನ ಕಮ್ಯುನಿಸ್ಟರು), ಕಡು ಬಲ (ಹಿಟ್ಲರ್‌ನ ನಾಜಿಗಳು) ಎರಡೂ ಲಾಳದ ತುದಿಗಳು, ಬಾಗುತ್ತಾ ಬಾಗುತ್ತಾ ಹತ್ತಿರ ಬರುತ್ತವೆ, ಕೊನೆಗೆ ಎರಡೂ ಒಂದೇ ಅಂದೆ. ಕೇಳೋಕೆ ಚೆನ್ನಾಗಿದೆ. ಆದರೆ ಎರಡನ್ನೂ ಮೈಮೇಲೆ ಅನುಭವಿಸಿದ ಒಬ್ಬ ಹೆಂಗಸಿದ್ದಳು. ಅವಳ ಬದುಕನ್ನು ಓದಿದ ಮೇಲೆ 'ಒಂದೇ' ಅನ್ನೋಕೆ ನನಗೆ ಬಾಯಿ ಬರುತ್ತಿಲ್ಲ.

ಹೆಸರು ಮಾರ್ಗರೆಟೆ ಬೂಬರ್-ನಾಯ್ಮನ್. ಜರ್ಮನಿಯ ಕಮ್ಯುನಿಸ್ಟ್. ಗಂಡ ಹೈನ್ಸ್ ನಾಯ್ಮನ್ ಆ ಪಕ್ಷದ ದೊಡ್ಡ ನಾಯಕ. ಹಿಟ್ಲರ್ ಬಂದ ಮೇಲೆ ಅಲ್ಲಿ ಇಲ್ಲಿ ಅಲೆದು, 1935ರಲ್ಲಿ ಇಬ್ಬರೂ ಮಾಸ್ಕೋ ಸೇರಿದರು. 1937ರಲ್ಲಿ ಸ್ಟಾಲಿನ್‌ನ ಪೊಲೀಸರು ಗಂಡನನ್ನು ಎಳೆದುಕೊಂಡು ಹೋಗಿ ಗುಂಡಿಟ್ಟು ಕೊಂದರು. ಮರುವರ್ಷ ಹೆಂಡತಿಯ ಸರದಿ. 'ಸಮಾಜಕ್ಕೆ ಅಪಾಯಕಾರಿ' ಅಂತ ಆರೋಪ. ಏನು ಮಾಡಿದ್ದಳು? ಏನೂ ಇಲ್ಲ. 5 ವರ್ಷ ಶಿಕ್ಷೆ ಹಾಕಿ ಕಜಕಿಸ್ತಾನದ ಕರಗಂಡಾದ ಕೈದಿಗಳ ಕ್ಯಾಂಪಿಗೆ ಕಳಿಸಿದರು. ಮಣ್ಣಿನ ಗುಡಿಸಲು, ತಿಗಣೆ, ಹಸಿವು, ಸರ್ಕಾರದ ಹೊಲದಲ್ಲಿ ದುಡಿಮೆ.

1939ರ ಆಗಸ್ಟ್‌ನಲ್ಲಿ ಹಿಟ್ಲರ್ ಮತ್ತು ಸ್ಟಾಲಿನ್ ಒಬ್ಬರ ಮೇಲೊಬ್ಬರು ಯುದ್ಧಕ್ಕೆ ಹೋಗಲ್ಲ ಅಂತ ಒಪ್ಪಂದ ಮಾಡಿಕೊಂಡರು, ನೆನಪಿದೆಯಲ್ಲ. ಅದಾಗಿ ಕೆಲವೇ ತಿಂಗಳಿಗೆ, 1940ರ ಫೆಬ್ರುವರಿಯಲ್ಲಿ, ಮಾರ್ಗರೆಟೆಯನ್ನೂ ಇನ್ನಷ್ಟು ಜರ್ಮನ್ ಕೈದಿಗಳನ್ನೂ ಗಡಿಯ ಊರಾದ ಬ್ರೆಸ್ಟ್-ಲಿಟೊವ್‌ಸ್ಕ್‌ನ ಸೇತುವೆಯ ಹತ್ತಿರ ತಂದು ನಿಲ್ಲಿಸಿದರು. ಆ ಕಡೆ ಕಾಯುತ್ತಿದ್ದವರು ನಾಜಿಗಳ ಸಶಸ್ತ್ರ ಪಡೆ ಎಸ್‌ಎಸ್‌ನವರು. ಎರಡೂ ಕಡೆಯ ಅಧಿಕಾರಿಗಳು ಒಬ್ಬರಿಗೊಬ್ಬರು ಸೆಲ್ಯೂಟ್ ಹೊಡೆದರು. ಕೆಲವರು ದಾಟಲ್ಲ ಅಂತ ಹಟ ಹಿಡಿದರು. ಅವರಲ್ಲಿ ಒಬ್ಬ ಯಹೂದಿಯೂ ಇದ್ದ. ತಳ್ಳಿ, ದಬ್ಬಿ ದಾಟಿಸಿದರು. ಕಮ್ಯುನಿಸ್ಟ್ ಸರ್ಕಾರವೇ ಕಮ್ಯುನಿಸ್ಟರನ್ನು ಹಿಟ್ಲರ್ ಕೈಗೆ ಕೊಟ್ಟಿತು ಮಾರಾಯ! ಇಲ್ಲಿ ನಿನ್ನ ಲಾಳ ಸರಿಯಾಗೇ ಕೂರುತ್ತದೆ, ಒಪ್ಪುತ್ತೇನೆ.

ಆದರೆ ಸೇತುವೆ ದಾಟಿದ ಮೇಲೆ ಏನಾಯಿತು ನೋಡು. ಅವಳನ್ನು ಹಾಕಿದ್ದು ರಾವೆನ್ಸ್‌ಬ್ರೂಕ್ ಎಂಬ ಹೆಂಗಸರ ಕ್ಯಾಂಪಿಗೆ. ಒಳಗೆ ಕಾಲಿಟ್ಟರೆ ಸಾಲಾಗಿ ನಿಂತ ಬ್ಯಾರಕ್‌ಗಳು, ಹುಲ್ಲುಹಾಸು, ಹೂವಿನ ಪಾತಿ! ಕರಗಂಡಾದ ಕೊಳಕು ಕಂಡವಳಿಗೆ ದಂಗುಬಡಿದ ಹಾಗಾಯಿತು. ಆಮೇಲೆ ಗೊತ್ತಾಯಿತು, ಆ ಅಚ್ಚುಕಟ್ಟೇ ಹಿಂಸೆ ಅಂತ. ಹಾಸಿಗೆ ಮಡಚಿದ್ದು ಸ್ವಲ್ಪ ಸೊಟ್ಟಗಾದರೂ ಶಿಕ್ಷೆ. ಕರಗಂಡಾದಲ್ಲಿ ಕಾಗದದ ಮೇಲಾದರೂ 5 ವರ್ಷ ಅಂತ ಲೆಕ್ಕವಿತ್ತು. ಇಲ್ಲಿ ಲೆಕ್ಕವೇ ಇಲ್ಲ, ಅವರು ಬಿಟ್ಟಾಗ ಬಿಡುಗಡೆ. ಮತ್ತೆ ಕೆಲಸ? ಕ್ಯಾಂಪಿನ ಪಕ್ಕದಲ್ಲೇ ಸೀಮೆನ್ಸ್ ಕಂಪನಿಯ ಕಾರ್ಖಾನೆ ಬಂತು, ಅವಳು ಸ್ವಲ್ಪ ಕಾಲ ಅದರಲ್ಲೂ ದುಡಿದಳು. ಸ್ಟಾಲಿನ್ ಆಳ್ವಿಕೆಯಲ್ಲಿ ಜಮೀನೂ ಕಾರ್ಖಾನೆಯೂ ಸರ್ಕಾರದ್ದು. ಹಿಟ್ಲರ್ ಆಳ್ವಿಕೆಯಲ್ಲಿ ದೊಡ್ಡ ಮಾಲೀಕರು ಮಾಲೀಕರಾಗಿಯೇ ಉಳಿದರು, ಅವರಿಗೆ ಕೈದಿಗಳು ಕೂಲಿಗೆ ಸಿಕ್ಕರು. 'ಹಿಟ್ಲರ್ ಪಕ್ಷದ ಹೆಸರಲ್ಲೇ ಸಮಾಜವಾದ ಇತ್ತಲ್ಲ' ಅಂತ ಶುರು ಮಾಡಬೇಡ, ಕೈ ಮುಗಿಯುತ್ತೇನೆ. 1933ರ ಮಾರ್ಚ್‌ನಲ್ಲಿ ದಹಾವ್ ಕ್ಯಾಂಪು ತೆರೆದಾಗ ಮೊದಲು ತುಂಬಿದ್ದೇ ಕಮ್ಯುನಿಸ್ಟರನ್ನು, ಸಮಾಜವಾದಿಗಳನ್ನು.

ದೊಡ್ಡ ವ್ಯತ್ಯಾಸ ಇನ್ನೊಂದಿದೆ. ನಾಜಿಗಳ ಟ್ರೆಬ್ಲಿಂಕಾದಂಥ ಜಾಗ ಸ್ಟಾಲಿನ್ ಕಟ್ಟಲಿಲ್ಲ. ಅದು ಜೈಲಲ್ಲ, ರೈಲಿನಿಂದ ಇಳಿದವರನ್ನು ಆವತ್ತೇ ಕೊಲ್ಲುವ ಜಾಗ. ಯಹೂದಿಯಾಗಿ ಹುಟ್ಟಿದರೆ ಸಾಕು, ಮಗುವಾದರೂ ಬಿಡುತ್ತಿರಲಿಲ್ಲ. ಹಾಗಂತ ಸ್ಟಾಲಿನ್ ಹುಟ್ಟು ನೋಡಲಿಲ್ಲ ಅಂತಲೂ ಅಲ್ಲ. 1944ರಲ್ಲಿ ಚೆಚೆನ್ನರನ್ನು, ಕ್ರಿಮಿಯಾದ ತಾತಾರರನ್ನು ಊರಿಗೆ ಊರೇ ಗಾಡಿಗೆ ತುಂಬಿ ಸಾಗಿಸಿದ. ದಾರಿಯಲ್ಲೇ ಸತ್ತವರು ಎಷ್ಟೋ. ಸಮಾನತೆ ತರುತ್ತೇವೆ ಅಂದವರು ಮಾಡಿದ್ದು ಇದು. ಒಂದು ಕಡೆ ಕೊಟ್ಟ ಮಾತಿಗೆ ದ್ರೋಹ. ಇನ್ನೊಂದು ಕಡೆ ನಾಜಿಗಳು ಆಡಿದ್ದನ್ನೇ ಮಾಡಿ ತೋರಿಸಿದರು. ಎರಡನ್ನೂ ಒಂದೇ ತಕ್ಕಡಿಯಲ್ಲಿಡು ಅಂದರೆ ನನ್ನ ಕೈಲಾಗಲ್ಲ.

ಹಾಗಾದರೆ ಒಂದೇ ಇದ್ದದ್ದು ಯಾವುದು? ಮಾರ್ಗರೆಟೆಗೆ ಎರಡೂ ಕಡೆ ಹೋಗಿ ಕೇಳೋಕೆ ಒಬ್ಬರೂ ಇರಲಿಲ್ಲ. ಮಾತು ಕೇಳುವ ಕೋರ್ಟಿಲ್ಲ, ಬರೆಯುವ ಪೇಪರಿಲ್ಲ, ಇನ್ನೊಂದು ಪಕ್ಷವಿಲ್ಲ. ರಷ್ಯಾದಲ್ಲಿ ಸ್ಟಾಲಿನ್‌ಗೂ ಮುಂಚೆ ಆಳಿದ ಲೆನಿನ್ 1918ರ ಜನವರಿಯಲ್ಲೇ ಜನ ಆರಿಸಿದ್ದ ಸಂವಿಧಾನ ಸಭೆಯನ್ನು ಮುಚ್ಚಿಸಿದ್ದ. ಹಿಟ್ಲರ್ 1933ರ ಜುಲೈ ಹೊತ್ತಿಗೆ ತನ್ನದು ಬಿಟ್ಟು ಉಳಿದ ಪಕ್ಷಗಳನ್ನೆಲ್ಲ ನಿಷೇಧಿಸಿದ್ದ.

ನನ್ನನ್ನು ಜಾಸ್ತಿ ಕಲಕಿದ್ದು ಇದ್ಯಾವುದೂ ಅಲ್ಲ. ರಾವೆನ್ಸ್‌ಬ್ರೂಕ್‌ನಲ್ಲಿ ಕಮ್ಯುನಿಸ್ಟ್ ಕೈದಿಗಳೂ ಇದ್ದರು. ರಷ್ಯಾದಲ್ಲೂ ಇಂಥ ಕ್ಯಾಂಪುಗಳಿವೆ ಅಂತ ಮಾರ್ಗರೆಟೆ ಹೇಳಿದಾಗ ಅವರು ಅವಳನ್ನು ಸುಳ್ಳಿ ಅಂದರು, ದೂರ ಇಟ್ಟರು. ಪ್ರಾಗ್‌ನ ಪತ್ರಕರ್ತೆ ಮಿಲೇನಾ ಯೆಸೆನ್ಸ್ಕಾ ಮಾತ್ರ ತಾನಾಗಿ ಬಂದು ಕೇಳಿಸಿಕೊಂಡಳು. 'ಅವಳ ಸಹವಾಸ ಬೇಕೋ, ನಮ್ಮದು ಬೇಕೋ' ಅಂತ ಚೆಕ್ ಕಮ್ಯುನಿಸ್ಟರು ಕೇಳಿದಾಗ ಮಿಲೇನಾ ಗೆಳತಿಯನ್ನೇ ಆರಿಸಿಕೊಂಡಳು. 1944ರಲ್ಲಿ ಅಲ್ಲೇ ತೀರಿಕೊಂಡಳು.

ಯುದ್ಧ ಮುಗಿದ ಮೇಲೂ ಆ ಜಗಳ ಬಿಡಲಿಲ್ಲ. 1949ರಲ್ಲಿ ಪ್ಯಾರಿಸ್ಸಿನ ಒಂದು ಮಾನನಷ್ಟ ಕೇಸಿನಲ್ಲಿ ಮಾರ್ಗರೆಟೆ ಸಾಕ್ಷಿ ಹೇಳಿದಳು. ಸೋವಿಯತ್ ದೇಶ ಬಿಟ್ಟು ಬಂದು ಅದರ ವಿರುದ್ಧ ಬರೆದ ಕ್ರಾವ್ಚೆಂಕೊನನ್ನು ಕಮ್ಯುನಿಸ್ಟರ ವಾರಪತ್ರಿಕೆಯೊಂದು ಸುಳ್ಳುಗಾರ ಅಂದಿತ್ತು, ಅದಕ್ಕೇ ಅವನು ಕೇಸು ಹಾಕಿದ್ದ. ಕರಗಂಡಾದಲ್ಲಿ ಸುತ್ತ ಗೋಡೆ ಇರಲಿಲ್ಲವಲ್ಲ, ಮತ್ತೆ ಅದು ಕ್ಯಾಂಪು ಹೇಗೆ ಅಂತ ಪತ್ರಿಕೆಯ ಕಡೆಯವರು ವಾದಿಸಿದರು. ಕೇಸು ಸೋತರು.

ದೀಪಾವಳಿಗೆ ಊರಿಗೆ ಬರುತ್ತೇನೆ. ಮಿಕ್ಕ ಜಗಳ ಅಲ್ಲೇ ಆಡೋಣ, ಕಾಫಿ ನಿಂದು.

ನಿನ್ನ,
ಹಳೇ ಜಗಳಗಂಟ