ಅಂಗಳದ ಬಾಸ್ಕೆಟ್‌ಬಾಲ್ ಕಂಬಕ್ಕೆ ಬುಡ ಗಟ್ಟಿಯಿರಲಿ

ಸಂಪಾದಕರಿಗೆ,

ಮಾನ್ಯರೆ,

ಮಕ್ಕಳ ಅಭ್ಯಾಸಕ್ಕೆಂದು ಮನೆ ಮುಂದೆ ಕಟ್ಟಿಗೆಯ ಬಾಸ್ಕೆಟ್‌ಬಾಲ್ ಕಂಬ ನಿಲ್ಲಿಸುವ ಆಸೆ ವಿಜಯಪುರ, ಬಾಗಲಕೋಟೆಯ ಹಲವು ಪಾಲಕರಿಗಿದೆ. ಒಳ್ಳೆಯದೇ. ಆದರೆ ನಮ್ಮ ನೆಲದಲ್ಲಿ ಇಂಥ ಕಂಬ ಒಂದೆರಡು ಮಳೆಗಾಲದಲ್ಲೇ ವಾಲಬಹುದು. ಆಗ ಬೈಗುಳ ತಿನ್ನುವವನು ಬಡಿಗ; ತಪ್ಪು ಮಾತ್ರ ಬುಡದ್ದು.

ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ತೂರುವಷ್ಟು ಬಿರುಕು ಬಿಡುತ್ತದೆ. ಅದರಲ್ಲಿ ಎರಡಡಿ ತೆಗ್ಗು ತೋಡಿ ಕಂಬ ಹುಗಿದರೆ ಮಣ್ಣು ಸರಿದಂತೆ ಕಂಬವೂ ಸರಿಯುತ್ತದೆ. ಗರಸು, ಅಂದರೆ ಕೆಳಗಿನ ಗಟ್ಟಿ ಕಲ್ಲುಮಣ್ಣು, ಸಿಗುವವರೆಗೆ ಅಗೆಯುವುದೇ ಸರಿ. ಸಿಗದಿದ್ದರೆ ಹಲಗೆ ಹೊರುವ ಎರಡೂ ಕಂಬಗಳಿಗೆ ಸೇರಿ 5 ಅಡಿ ಉದ್ದ, 2 ಅಡಿ ಅಗಲ, 4 ಅಡಿ ಆಳದ ಒಂದೇ ತೆಗ್ಗು ತೆಗೆದು, ತಳಕ್ಕೆ ಅರ್ಧ ಅಡಿ ಗರಸು ಬಡಿದು, ಮೇಲೆ 1:2:4 ಪ್ರಮಾಣದಲ್ಲಿ ಸಿಮೆಂಟು, ಉಸುಕು, ಖಡಿ ತುಂಬಬೇಕು. ಇದಕ್ಕೆ 6ರಿಂದ 7 ಚೀಲ ಸಿಮೆಂಟು ಹಿಡಿಯುತ್ತದೆ. ಕನಿಷ್ಠ ಏಳು ದಿನ ನೀರುಣಿಸದೆ ಮೇಲಿನ ಕೆಲಸಕ್ಕೆ ಕೈ ಹಾಕಬೇಡಿ.

ಕಟ್ಟಿಗೆಯನ್ನು ಮಾತ್ರ ಕಾಂಕ್ರೀಟಿನೊಳಗೆ ಹುಗಿಯಲೇಬಾರದು. ಒಳಗಿಳಿದ ನೀರು ಹೊರಬರದೆ ಬುಡ ಕೊಳೆಯುತ್ತದೆ, ಗೆದ್ದಲು ಹತ್ತಿದ್ದೂ ತಿಳಿಯುವುದಿಲ್ಲ. ಕಾಂಕ್ರೀಟ್ ತುಂಬುವಾಗಲೇ ಕಂಬಕ್ಕೆ ಎರಡರಂತೆ 6 ಅಡಿಯ ಕಬ್ಬಿಣದ ಚಾನೆಲ್‌ಗಳನ್ನು 3 ಅಡಿ ಕಾಂಕ್ರೀಟಿನಲ್ಲಿ, 3 ಅಡಿ ಮೇಲೆ ಉಳಿಯುವಂತೆ ನಿಲ್ಲಿಸಿ. ಕಾಂಕ್ರೀಟ್ ಗಟ್ಟಿಯಾದ ಮೇಲೆ ಅವುಗಳ ನಡುವೆ 4 ಇಂಚು ಚೌಕದ ಸಾಗವಾನಿ ಅಥವಾ ಮತ್ತಿಯ ಕಂಬ ಕೂರಿಸಿ, 16 ಎಂಎಂ ಬೋಲ್ಟ್ ಎರಡೆರಡು ಆರಪಾರ ಹಾಕಿ. ಕಟ್ಟಿಗೆಯ ಕೆಳತುದಿ ಕಾಂಕ್ರೀಟಿಗಿಂತ 2 ಇಂಚು ಮೇಲಿರಲಿ. ಅಗ್ಗಕ್ಕೆ ಸಿಗುತ್ತದೆಂದು ಹಸಿ ನೀಲಗಿರಿ ಗಳ ತಂದರೆ ಅದು ಒಣಗುತ್ತ ತಿರುಚಿಕೊಂಡು ರಿಂಗು ಹೊರುವ ಹಲಗೆಯನ್ನೂ ತಿರುಗಿಸುತ್ತದೆ. ಎರಡು ಕಂಬಗಳ ನಡುವೆ 3 ಅಡಿ ಸಾಕು. ಹಲಗೆ ಕಂಬಕ್ಕಿಂತ ಎರಡು-ಮೂರು ಅಡಿ ಮುಂದೆ ಚಾಚಿರಬೇಕು, ಇಲ್ಲದಿದ್ದರೆ ಲೇ-ಅಪ್‌ಗೆ, ಅಂದರೆ ರಿಂಗಿನ ಹತ್ತಿರ ಹಾರಿ ಚೆಂಡು ಹಾಕಲು, ಓಡಿಬಂದ ಹುಡುಗ ಕಂಬಕ್ಕೆ ಬಡಿಯುತ್ತಾನೆ. ಚಾಚಿದ ತೋಳಿಗೆ ಕೆಳಗಿನಿಂದ ಓರೆ ಆಸರೆ ಕೊಡಿ.

ಹಲಗೆಯ ಅಳತೆ 1.80 ಮೀಟರ್ ಅಗಲ, 1.05 ಮೀಟರ್ ಎತ್ತರ. 8×4 ಅಡಿಯ ಒಂದೇ ಪ್ಲೈವುಡ್ ಶೀಟಿನಲ್ಲಿ ಕೂರುತ್ತದೆ. ಐಎಸ್ 710 ಗುರುತಿನ 18 ಅಥವಾ 19 ಎಂಎಂ ಮರೈನ್ ಪ್ಲೈ ಕೇಳಿ. 12 ಎಂಎಂ ಹಾಕಿದರೆ ಚೆಂಡು ಪುಟಿಯದೆ ಸತ್ತಂತೆ ಬೀಳುತ್ತದೆ. ಕಟ್ಟಿಗೆಯ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಒಂದು ಮಳೆಗೇ ಬಿಸ್ಕತ್ತಿನಂತೆ ಉಬ್ಬುತ್ತದೆ. ಪ್ಲೈ ಹೆಚ್ಚು ನೀರು ಕುಡಿಯುವುದು ಮುಖದಿಂದಲ್ಲ, ಕೊಯ್ದ ಅಂಚಿನಿಂದ. ಅಂಚಿಗೂ ಬೋಲ್ಟಿನ ತೂತುಗಳಿಗೂ ಎರಡು ಸಲ ಪ್ರೈಮರ್ ಉಣ್ಣಿಸಿ. ಎನಾಮೆಲ್ ಬಣ್ಣ ಹಿಂದೆ ಮುಂದೆ ಸಮನಾಗಿರಬೇಕು. ಮುಂದೆ ಮಾತ್ರ ಬಳಿದ ಹಲಗೆ ಡೊಂಕಾಗುತ್ತದೆ. ಖಾನಾಪುರ ಕಡೆಯ ಜೋರು ಮಳೆಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ರಿಂಗನ್ನು ಬರೀ ಪ್ಲೈಗೆ ಬಿಗಿದರೆ ತೂತು ಅಗಲವಾಗಿ ರಿಂಗು ತಲೆ ಬಾಗಿಸುತ್ತದೆ. ಹಿಂದೆ 3×2 ಇಂಚಿನ ಚೌಕಟ್ಟು, ಅದರ ಬೆನ್ನಿಗೆ ಕಬ್ಬಿಣದ ತಗಡು, ಮೂರನ್ನೂ ದಾಟುವ ಬೋಲ್ಟ್ ಇರಲಿ. ರಿಂಗ್ ಮೊದಲು ಕೊಂಡು, ಅದರ ತೂತುಗಳ ಅಳತೆಗೇ ಡ್ರಿಲ್ ಹೊಡೆಯಿರಿ.

ಎತ್ತರದಲ್ಲಿ ಎಡವುವುದು ಸುಲಭ. 3.05 ಮೀಟರ್, ಅಂದರೆ 10 ಅಡಿ, ಇರಬೇಕಾದದ್ದು ರಿಂಗಿನ ಮೇಲಂಚಿಗೆ. ಹಲಗೆಯ ಕೆಳಅಂಚು 2.90 ಮೀಟರಿಗೆ ಬರುತ್ತದೆ. ಹಲಗೆಯ ಕೆಳಅಂಚನ್ನೇ 10 ಅಡಿಗೆ ಕೂರಿಸಿದರೆ ರಿಂಗು ಅರ್ಧ ಅಡಿ ಮೇಲೇರುತ್ತದೆ. ಅಂಗಳಕ್ಕೆ ಮುಂದೆ ಕಾಂಕ್ರೀಟ್ ಹಾಕಿಸುವುದಿದ್ದರೆ ಅದರ ದಪ್ಪವನ್ನೂ ಈಗಲೇ ಲೆಕ್ಕ ಹಿಡಿಯಿರಿ. ಚಿಕ್ಕ ಮಕ್ಕಳಿಗೆ ಮಿನಿ ಬಾಸ್ಕೆಟ್‌ಬಾಲಿನ 2.60 ಮೀಟರ್ ಎತ್ತರ, 5ನೇ ನಂಬರಿನ ಚೆಂಡು ಸಾಕು; ಮೇಲೇರಿಸಲು ಕಂಬದಲ್ಲಿ ಎರಡನೇ ಜೊತೆ ತೂತು ಬಿಟ್ಟರಾಯಿತು. ಫ್ರೀ ಥ್ರೋ ಗೆರೆಯ 4.60 ಮೀಟರ್ ಅಳೆಯುವುದು ಹಲಗೆಯ ಮುಖದಿಂದ, ಕಂಬದಿಂದಲ್ಲ.

ಒಳಾಂಗಣ ಕ್ರೀಡಾಂಗಣ ನೋಡಿ ಅಂಗಳಕ್ಕೂ ಕಟ್ಟಿಗೆಯ ನೆಲ ಬೇಕೆನ್ನುವವರಿಗೆ ಒಂದು ಮಾತು: ಬಿಸಿಲು ಮಳೆಗೆ ಅದು ಉಳಿಯುವುದಿಲ್ಲ. ಆ ಹಣವನ್ನು ಬುಡಕ್ಕೆ ಹಾಕಿ. ಫರಸಿ ಕಲ್ಲಿನ ಹಾಸೂ ಬೇಡ, ಸಂದಿಗೆ ಬಿದ್ದ ಚೆಂಡು ಅಡ್ಡ ಹಾರುತ್ತದೆ.

ನಮ್ಮ ಬಿಸಿಲಿಗೆ ಕಟ್ಟಿಗೆ ಕುಗ್ಗಿ ನಟ್ಟು ಸಡಿಲಾಗುತ್ತವೆ. ಪ್ರತಿ ಮೇ ಕೊನೆಗೆ, ಮಳೆ ಹಿಡಿಯುವ ಮೊದಲು, ಪಾನಾ ಹಿಡಿದು ಎಲ್ಲವನ್ನೂ ಬಿಗಿ ಮಾಡಿ. ರಿಂಗಿಗೆ ಜೋತುಬೀಳಲು ಯಾರನ್ನೂ ಬಿಡಬೇಡಿ.

– ಓದುಗ, ವಿಜಯಪುರ